ಒಡೆಯದ ಸ್ಟೌ

ಕುರುಗೋಡು
೨-೯-೧೯೫೧

ಅಣ್ಣ ಹಂಪಯ್ಯನಿಗೆ ತಂಗಿ ವಿರೂಪಮ್ಮನ ನಮಸ್ಕಾರ.

ನಾವಿಲ್ಲಿ ನೆಟ್ಟಗಿದ್ದೇವೆ. ಅತ್ತಿಗೆಯ ಕೆಮ್ಮು ಕಡಿಮೆಯಾಯಿತೋ ಇಲ್ಲವೋ ನೀನು ಬರೆಯಲೇ ಇಲ್ಲ. ಕೇಳಿದರೆ ಕೈಗೆ ಎಣ್ಣೆ ಮೆತ್ತಿರುತ್ತದೆ ಎನ್ನುತ್ತೀ. ತೊಳೆದುಕೊಂಡು ಬರಿ. ನನಗಾದರೂ ಅಕ್ಷರ ಬರುವುದಿಲ್ಲ, ನಾನು ಹೇಳಿದ್ದನ್ನು ಮಗಳು ಬರೆಯಬೇಕು.

ನಮ್ಮ ಹುಡುಗಿ ಹೊನ್ನೂರಿಗೆ ಸಿರುಗುಪ್ಪದಿಂದ ಸಂಬಂಧ ಬಂದಿದೆ. ಹುಡುಗನ ಹೆಸರು ಗಾದೆಪ್ಪ, ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಮನೆಯಲ್ಲಿ ತಾಯಿ ಗಂಗಕ್ಕ ಒಬ್ಬಳೇ. ಎಲ್ಲ ಸರಿ, ಒಂದೇ ಕೊರತೆ, ಹುಡುಗನಿಗೆ ಇದು ಎರಡನೆಯದು. ಮೊದಲ ಹೆಂಡತಿ ಜಂಬಮ್ಮ ತೆಕ್ಕಲಕೋಟೆಯವಳು. ಎರಡು ವರ್ಷದ ಹಿಂದೆ ಚಹಾ ಕಾಸಲು ಪಂಪಿನ ಸ್ಟೌ ಹಚ್ಚಿದಾಗ ಅದು ಒಡೆದು, ಸುಟ್ಟುಕೊಂಡು ತೀರಿಕೊಂಡಳಂತೆ. ಸ್ಟೌ ಚೂರು ಚೂರಾಯಿತು, ಹಳ್ಳಕ್ಕೆ ಎಸೆದೆವು ಎಂದು ಗಂಗಕ್ಕನೇ ಹೇಳಿದಳು. ಆಕೆ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಹುಡುಗಿಗೆ ಅಪ್ಪ ಇಲ್ಲ. ಸೋದರಮಾವ ನೀನೇ ಮನೆ ನೋಡಿ ಬರಬೇಕು. ದಿನ ಬೆಳಗಾದರೆ ಸ್ಟೌ ಬಿಚ್ಚಿ ಜೋಡಿಸುವವನು, ನಿನ್ನ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗದು. ಗಂಡಸರನ್ನು ಅಡಿಗೆಮನೆಗೆ ಬಿಡುವುದಿಲ್ಲ, ಈಗ ಇರುವ ಸ್ಟೌವನ್ನು ಹೊರಗೆ ತರಿಸಿ ನೋಡು. ಮನಸ್ಸಿಗೆ ಬಂದರೆ ಅವರ ಮನೆಯಲ್ಲಿ ಉಣ್ಣು, ಬರದಿದ್ದರೆ ನೀರನ್ನೂ ಮುಟ್ಟದೆ ಎದ್ದು ಬಾ. ನೀನು ಉಂಡರೆ ನಾವು ಒಪ್ಪಿದ ಹಾಗೆ ಎಂದು ಅವರಿಗೂ ಗೊತ್ತು.

ನಿನ್ನ ಮಗ ಸುಂಕಪ್ಪನ ಮಾತನ್ನು ಈಗ ಮತ್ತೆ ಎತ್ತಬೇಡ. ಆರು ತಿಂಗಳು ಒಂದು ಕಡೆ ನೆಲೆ ನಿಲ್ಲದ ಹುಡುಗನಿಗೆ ಕೊಡುವುದಿಲ್ಲ ಎಂದು ಹೋದ ವರ್ಷವೇ ಹೇಳಿದ್ದೇನೆ.

ನಿನ್ನ ತಂಗಿ
ವಿರೂಪಮ್ಮ
(ಬರೆದವಳು ಹೊನ್ನೂರಮ್ಮ. ಮಾವ, ನನ್ನ ಮದುವೆಯ ಮಾತನ್ನು ನಾನೇ ಬರೆಯುತ್ತಿದ್ದೇನೆ. ನಗಬೇಡ.)


ಕಂಟೋನ್ಮೆಂಟ್, ಬಳ್ಳಾರಿ
೧೪-೯-೧೯೫೧

ತಂಗಿ ವಿರೂಪಮ್ಮನಿಗೆ ಆಶೀರ್ವಾದ.

ಹೋಗಿ ಬಂದೆ. ಉಣ್ಣಲಿಲ್ಲ.

ಹೊನ್ನೂರಿ, ಇದನ್ನು ಅವ್ವನಿಗೆ ನಿಧಾನವಾಗಿ ಓದು, ನಡುವೆ ನಿಲ್ಲಿಸಬೇಡ. ಅವರ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದರು. ಹುಡುಗ ಮಾತು ಕಡಿಮೆ. ಸ್ಟೌ ತರಿಸಿ ಎಂದೆ. ಗಂಗಕ್ಕ ಹೊಸದು, ಹೋದ ವರ್ಷ ಆದವಾನಿಯಲ್ಲಿ ಕೊಂಡದ್ದು ಎಂದು ಹೇಳುತ್ತಲೇ ತಂದಿಟ್ಟಳು. ಹುಣಸೆಹಣ್ಣು ಹಚ್ಚಿ ಫಳಫಳ ತೊಳೆದ ಹಿತ್ತಾಳೆ. ಎಣ್ಣೆಯ ಹನಿಯಿಲ್ಲ. ಹಚ್ಚಿ ತೋರಿಸಿ ಎಂದರೆ ರೇಷನ್ ಎಣ್ಣೆ ಮುಗಿದಿದೆ ಅಂದಳು.

ಸ್ಟೌ ನೋಡುವ ಕ್ರಮ ಬೇರೆಯೇ ಇದೆ. ದಂಡಿನ ಅಡಿಗೆಯ ಕ್ಯಾಂಪಿನಲ್ಲಿ ಯುದ್ಧದ ಕಾಲಕ್ಕೆ ಕಲಿತದ್ದು. ಮೊದಲು ಗಾಳಿಯ ತಿರುಪು ಬಿಚ್ಚಿ ಒಳಗಿನ ಗಾಳಿ ಬಿಡಬೇಕು. ಆಮೇಲೆ ಅಂಗಳಕ್ಕೆ ಒಯ್ದು, ಪಂಪು ಹೊಡೆದು, ಪ್ರತಿ ಸಂದಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ನೋಡಬೇಕು. ಕಡೆಗೆ ದೂರ ನಿಂತು ಉರಿಸಬೇಕು. ಇದಾವುದೂ ಆ ದಿನ ಬೇಕಾಗಲಿಲ್ಲ. ಸ್ಟೌ ಬೋರಲು ಹಾಕಿದೆ, ಮುಗಿಯಿತು.

ನಾನು ರಿಪೇರಿ ಮಾಡಿದ ಪ್ರತಿ ಸ್ಟೌವಿನ ತಳಕ್ಕೆ ಉಳಿಯಲ್ಲಿ ಒಂದು ‘ಹ’ ಕೆತ್ತಿ ಪಕ್ಕದಲ್ಲಿ ಇಸವಿ ಹಾಕುತ್ತೇನೆ. ಆ ಹೊಸ ಸ್ಟೌವಿನ ತಳದಲ್ಲಿ ನನ್ನ ‘ಹ’ ಇತ್ತು. ಇಸವಿ ನಲವತ್ತೊಂಬತ್ತು. ಯಾವಾಗ ತಂದಿದ್ದರೋ ನೆನಪಿಲ್ಲ, ವರ್ಷಕ್ಕೆ ನೂರಾರು ಸ್ಟೌ ಬರುತ್ತವೆ. ಇದು ಯಾವಾಗ ರಿಪೇರಿಯಾದದ್ದು ತಾಯೀ ಎಂದೆ. ಗಂಗಕ್ಕ ಸ್ಟೌ ಎತ್ತಿಕೊಂಡು ಒಳಗೆ ನಡೆದಳು. ಹುಡುಗ ನೆಲ ನೋಡಿದ.

ಇದು ಅದೇ ಸ್ಟೌ, ವಿರೂಪಿ. ಚೂರಾಯಿತು ಎಂದ ಸ್ಟೌ. ಒಡೆದರೆ ಟಾಂಕಿಯ ಬೆಸುಗೆ ಬಾಯಿಬಿಡಬೇಕು, ತಳ ಉಬ್ಬಬೇಕು. ಇದರ ಟಾಂಕಿಗೆ ಒಂದು ತಗ್ಗೂ ಇಲ್ಲ. ಸ್ಟೌ ಒಡೆಯಲಿಲ್ಲ, ಹುಡುಗಿ ಮಾತ್ರ ಸುಟ್ಟಳು ಎಂದರೆ ಏನರ್ಥ? ಎಣ್ಣೆ ಸುರಿಯಲು ಸ್ಟೌ ಯಾಕೆ ಬೇಕು, ಡಬ್ಬಿ ಸಾಕು.

ಬಸ್ಸು ಬರುವವರೆಗೆ ಸಿರುಗುಪ್ಪದ ಚಹದ ಅಂಗಡಿಯಲ್ಲಿ ಕೂತಿದ್ದೆ. ಅಲ್ಲಿ ನಾಲ್ಕು ಜನ ಕೇಳಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇನ್ನೊಬ್ಬರ ಮನೆ ಹೆಣ್ಣುಮಗಳಿಗೂ ಗೊತ್ತಾಗಲಿ.

ನಿನ್ನ ಅಣ್ಣ
ಹಂಪಯ್ಯ


ಕುರುಗೋಡು
೨೨-೯-೧೯೫೧

ಅಣ್ಣನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿಸಿಕೊಂಡೆ. ಮೊದಲ ಸಲ ಹೆದರಿದೆ. ಎರಡನೆಯ ಸಲ ಅತ್ತೆ. ಮೂರನೆಯ ಸಲ ನಿನ್ನ ಮೇಲೆಯೇ ಅನುಮಾನ ಬಂತು. ಒಡಹುಟ್ಟಿದವಳು, ಮುಚ್ಚುಮರೆ ಯಾಕೆ?

ಗಂಗಕ್ಕ ಸುಳ್ಳು ಹೇಳಿದಳು, ಸರಿ. ಆದರೆ ಸುಳ್ಳು ಹೇಳಿದವರೆಲ್ಲ ಕೊಲೆ ಮಾಡುತ್ತಾರೆಯೇ? ನೋಡಲು ಹೋದವನು ಬರೀ ತಳ ನೋಡಿ ಬಂದೆ ಎನ್ನುತ್ತೀ, ಮೇಲಿನದ್ದನ್ನು ನೋಡಲಿಲ್ಲವೇಕೆ? ಈ ಸಂಬಂಧ ಮುರಿದರೆ ಹುಡುಗಿ ಯಾರ ಮನೆ ಸೇರುತ್ತಾಳೆ ಎಂದು ಊರಿನ ಕೂಸಿಗೂ ಗೊತ್ತು. ಚಹದ ಅಂಗಡಿಯಲ್ಲಿ ಕೂತು ಊರಿಗೆಲ್ಲ ಸಾರುವ ದರ್ದು ನಿನಗೇನಿತ್ತು? ನನಗೆ ಹೇಳಿದ್ದರೆ ಸಾಕಿತ್ತು.

ಹಾಗಂತ ಹುಡುಗಿಯನ್ನು ಬೆಂಕಿಗೂ ನೂಕಲಾರೆ. ಸಿರುಗುಪ್ಪದವರಿಗೆ ದೀಪಾವಳಿ ಕಳೆಯಲಿ ಎಂದು ಹೇಳಿ ಕಳಿಸಿದ್ದೇನೆ. ಈ ಮನೆಯಲ್ಲಿ ಈಗ ಒಲೆ ಹಚ್ಚುವಾಗಲೂ ಹುಡುಗಿಯನ್ನು ದೂರ ನಿಲ್ಲಿಸುತ್ತೇನೆ.

ವಿರೂಪಮ್ಮ
(ಬರೆದವಳು ಹೊನ್ನೂರಮ್ಮ)


ಸಿರುಗುಪ್ಪ
೬-೧೧-೧೯೫೧

ಶ್ರೀ ಹಂಪಯ್ಯನವರಿಗೆ ಗಾದೆಪ್ಪನ ನಮಸ್ಕಾರಗಳು.

ನೀವು ನಮ್ಮ ಮನೆಯಿಂದ ಉಣ್ಣದೆ ಎದ್ದು ಹೋದಿರಿ. ಆ ದಿನ ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ, ಅದು ನನ್ನ ತಪ್ಪು.

ಆ ಸ್ಟೌ ಅದೇ. ಜಂಬಮ್ಮನ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಆ ದಿನ ನಾನು ಗಿರಣಿಯಲ್ಲಿದ್ದೆ, ಅವ್ವ ಬಟ್ಟೆ ಒಗೆಯಲು ಹೋಗಿದ್ದಳು. ಅಕ್ಕಪಕ್ಕದವರು ಬಾಗಿಲು ದೂಡಿ ಒಳಗೆ ಹೋದಾಗ ಸ್ಟೌ ಇನ್ನೂ ಉರಿಯುತ್ತಿತ್ತಂತೆ. ಮೂರನೆಯ ದಿನ ಜಂಬಮ್ಮ ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಹೋದಳು. ‘ಬುಡದಾಗಿಂದ ಬೆಂಕಿ ಬಂತು’ ಎಂದಷ್ಟೇ ಹೇಳಿದ್ದಳು. ನಮಗೆ ಅದರ ತಲೆಬುಡ ತಿಳಿಯಲಿಲ್ಲ. ಅಷ್ಟು ಗಟ್ಟಿ ಹಿತ್ತಾಳೆಯನ್ನು ಎಸೆಯಲು ಅವ್ವನಿಗೆ ಮನಸ್ಸಾಗಲಿಲ್ಲ, ತೊಳೆದು ಗೋಡೆಯ ನಾಗೊಂದಿಗೆಯ ಮೇಲಿಟ್ಟಳು. ಹೆಣ್ಣನ್ನು ತಿಂದ ಸ್ಟೌ ಇಟ್ಟುಕೊಂಡ ಮನೆಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಹೆದರಿ, ಒಡೆಯಿತು, ಎಸೆದೆವು ಎಂದಳು. ನಮ್ಮ ಸುಳ್ಳು ಇಷ್ಟೇ.

ನೀವು ಚಹದ ಅಂಗಡಿಯಲ್ಲಿ ಆಡಿದ ಮಾತು ತೆಕ್ಕಲಕೋಟೆ ಮುಟ್ಟಿತು. ಜಂಬಮ್ಮನ ತಾಯಿ ಜಡೆಮ್ಮ ಎರಡು ವರ್ಷ ದೇವರನ್ನು ಬೈದುಕೊಂಡು ಹೇಗೋ ಬದುಕಿದ್ದಳು. ಅಲ್ಲಿಯತನಕ ನಮ್ಮನ್ನು ಅಂದವಳಲ್ಲ. ದಸರೆಯ ಮರುದಿನ ಬಂದು, ಹಾಡುಹಗಲು, ಓಣಿಯವರೆಲ್ಲ ನೋಡುತ್ತಿದ್ದ ಹಾಗೆ ನಮ್ಮ ಹೊಸ್ತಿಲಿಗೆ ಮಣ್ಣು ತೂರಿದಳು. ಅಂದಿನಿಂದ ಅವ್ವ ಬಾವಿಗೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ಹೊರಡುತ್ತಾರೆ.

ಗಿರಣಿಯ ಲಾರಿಯಲ್ಲಿ ಸ್ಟೌ ಕಳಿಸಿದ್ದೇನೆ. ಸ್ಟೌ ಬಲ್ಲವರು ನೀವು. ಬಿಚ್ಚಿ ನೋಡಿ, ಕಂಡದ್ದನ್ನು ನಿಮ್ಮ ತಂಗಿಯವರಿಗೆ ಹೇಳಿ. ಅದು ನಮ್ಮ ಮೇಲೆ ಬಂದರೂ ಆಗಲಿ.

ತಮ್ಮ
ಗಾದೆಪ್ಪ


ಕಂಟೋನ್ಮೆಂಟ್, ಬಳ್ಳಾರಿ
೧೯-೧೧-೧೯೫೧

ತಂಗಿಗೆ,

ಸಿರುಗುಪ್ಪದಿಂದ ಸ್ಟೌ ಬಂತು. ನೋಡಿದೆ. ಟಾಂಕಿ ಗಟ್ಟಿಯಾಗಿಯೇ ಇದೆ, ನಾನು ಹಿಂದೆ ಬರೆದದ್ದರಲ್ಲಿ ತಪ್ಪಿಲ್ಲ.

ಆ ಮಾತು ಅಲ್ಲಿಗೆ ಬಿಡು. ಸುಂಕಪ್ಪ ಈಗ ಬಸ್ ಕಂಪನಿಯಲ್ಲಿ ನೆಲೆ ನಿಂತಿದ್ದಾನೆ, ಪಾರ್ವತಿನಗರದಲ್ಲಿ ಒಂದು ಮನೆಯನ್ನೂ ನೋಡಿದ್ದೇನೆ. ಮಾಘದಲ್ಲಿ ಮುಗಿಸಿಬಿಡೋಣ.

ಹಂಪಯ್ಯ


ಕುರುಗೋಡು
೩೦-೧೧-೧೯೫೧

ಮಾವನಿಗೆ ಹೊನ್ನೂರಮ್ಮನ ನಮಸ್ಕಾರ.

ಇದು ಅವ್ವ ಹೇಳಿ ಬರೆಸಿದ ಕಾಗದ ಅಲ್ಲ. ಅವ್ವ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಾಳೆ.

ನಿನ್ನ ಕಾಗದ ಓದಿದ ಮೇಲೆ ಅವ್ವ ಮೆತ್ತಗಾಗಿದ್ದಾಳೆ. ಅಣ್ಣ ಹೇಳಿದ್ದೇ ನಿಜ ಇದ್ದಿರಬಹುದು, ನಾನೇ ಕೆಟ್ಟ ಮಾತಾಡಿದೆ ಎಂದು ನಿನ್ನೆ ಕಣ್ಣೀರು ಹಾಕಿದಳು. ಮಾಘಕ್ಕೆ ಹೂಂ ಎಂದು ಬರಿ ಅಂದಳು. ನಾನು ಇನ್ನೂ ಬರೆದಿಲ್ಲ.

ನಡುವೆ ಗಾದೆಪ್ಪ ಇಲ್ಲಿಗೆ ಬಂದಿದ್ದರು. ಅವ್ವ ಒಳಗೆ ಕರೆಯಲಿಲ್ಲ. ಅಂಗಳದಲ್ಲಿ ನಿಂತೇ ಎಲ್ಲ ಹೇಳಿ, ನಿಂತೇ ಹೋದರು. ಕುಡಿಯಲು ನೀರು ಕೊಡಬೇಕೆಂದು ಚೊಂಬು ತುಂಬಿದೆ, ಅವ್ವನ ಮುಖ ನೋಡಿ ಇಳಿಸಿದೆ. ಅವರು ಒಳ್ಳೆಯವರೋ ಕೆಟ್ಟವರೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿ ಒಂದೇ ಇತ್ತು, ಅದು ಈಗ ನಿನ್ನ ಅಂಗಡಿಯಲ್ಲಿದೆ.

ಮಾವ, ನಾನು ಚಿಕ್ಕಂದಿನಿಂದ ನಿನ್ನ ಕಾಗದ ಓದಿ ಹೇಳುತ್ತಾ ಬಂದವಳು. ಒಂದು ಪಿನ್ನು ಮುರಿದರೆ ಎರಡು ಹಾಳೆ ಬರೆಯುವವನು ನೀನು. ಅತ್ತೆಯ ಕೆಮ್ಮಿನ ಬಗ್ಗೆ ಬರೆಯುವುದಿಲ್ಲ, ವಾಷರಿನ ಬಗ್ಗೆ ಬರೆಯುತ್ತೀ ಎಂದು ಅವ್ವ ಬೈಯುತ್ತಾಳೆ. ಈ ಸ್ಟೌವಿನ ಬಗ್ಗೆ ಮಾತ್ರ ಎರಡು ಸಾಲು. ಗಾಳಿ ಬಿಟ್ಟೆಯೋ, ನೊರೆ ಹಚ್ಚಿದೆಯೋ, ಉರಿಸಿದೆಯೋ, ಒಂದೂ ಇಲ್ಲ. ಟಾಂಕಿ ಗಟ್ಟಿ ಇದೆ ಎಂದು ಹೋದ ಸಲವೇ ಬರೆದಿದ್ದೆ. ಬುಡದಿಂದ ಬೆಂಕಿ ಬಂತು ಎಂದು ಸತ್ತವಳು ಹೇಳಿದಳಂತೆ. ಬರ್ನರಿನ ಬುಡ ಬಿಚ್ಚಿ ನೋಡಿದೆಯಾ?

ನನಗೆ ನಿನ್ನ ಮೇಲೆ ಅನುಮಾನ ಬಂದಿದೆ. ಹೀಗೆ ಬರೆಯಲು ಸಂಕಟವಾಗುತ್ತದೆ. ಆದರೂ ಹುಡುಗಿ ನಾನು, ಸುಟ್ಟರೆ ಸುಡುವ ಮೈ ನನ್ನದು, ಕೇಳುತ್ತೇನೆ.

ನಿನ್ನ ಸೊಸೆ
ಹೊನ್ನೂರಮ್ಮ


ಬಳ್ಳಾರಿ
೧೫-೧-೧೯೫೨

ಹೊನ್ನೂರಿಗೆ,

ಸಂಕ್ರಾಂತಿಗೆ ಬರಲಿಲ್ಲ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ.

ಬಿಚ್ಚಿ ನೋಡಿದೆ ತಾಯಿ. ಬಂದ ದಿನವೇ ಬಿಚ್ಚಿದೆ. ಬರ್ನರು ಟಾಂಕಿಗೆ ಕೂರುವ ಬುಡದಲ್ಲಿ ಸೀಸದ ವಾಷರು ಇರಬೇಕು, ಬೆಂಕಿಯ ಕಾವು ತಡೆಯುವುದು ಅದೇ. ಇದರಲ್ಲಿ ಇದ್ದದ್ದು ತೊಗಲಿನ ವಾಷರು. ಇದ್ದದ್ದು ಎಂದರೆ ಏನು, ಸುಟ್ಟು ಕರಿಕಾಗಿ ಅಂಟಿಕೊಂಡ ಚೂರು. ತೊಗಲು ಪಂಪಿಗೆ ಸರಿ, ಬರ್ನರಿಗಲ್ಲ. ಅದು ಸುಟ್ಟು ಸಂದಿ ಬಿದ್ದರೆ ಎಣ್ಣೆ ಅಲ್ಲಿಂದಲೇ ಉರಿಯುತ್ತಾ ಅಡ್ಡ ಚಿಮ್ಮುತ್ತದೆ. ಟಾಂಕಿಗೆ ಏನೂ ಆಗುವುದಿಲ್ಲ. ಮುಂದೆ ಕೂತವರ ಸೀರೆಗೆ ಹತ್ತುತ್ತದೆ.

ಆ ತೊಗಲನ್ನು ಕತ್ತರಿಸಿ ಹಾಕಿದವನು ನಾನು. ಕಂಡ ಕೂಡಲೇ ಕೈ ಗುರುತಿಸಿತು. ನಲವತ್ತೊಂಬತ್ತರಲ್ಲಿ ಒಂದು ವಾರ ಸೀಸದ ವಾಷರು ಎಲ್ಲೂ ಸಿಗಲಿಲ್ಲ. ಒಬ್ಬ ಹೆಣ್ಣುಮಗಳು, ಆ ಜಂಬಮ್ಮನೇ ಇರಬೇಕು, ಸ್ಟೌವನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿಗೆ ಬಂದಿದ್ದಳು. ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಹತ್ತು ದಿನಕ್ಕೆ ಏನಾಗುತ್ತದೆ ಎಂದು ತೊಗಲು ಹಾಕಿದೆ. ಉರಿಸಿ ನೋಡದೆ ನಾನು ಯಾರಿಗೂ ಕೊಡುವವನಲ್ಲ, ಉರಿಸಿದ್ದರೆ ತೊಗಲು ಕಮರುವ ವಾಸನೆ ನನ್ನ ಮೂಗಿಗೇ ಬಡಿಯುತ್ತಿತ್ತು. ಸಿರುಗುಪ್ಪದ ಬಸ್ಸಿಗೆ ಹೊತ್ತಾಗಿತ್ತು. ಹಾಗೇ ಕೊಟ್ಟೆ. ಹತ್ತು ದಿನಕ್ಕೆ ಮತ್ತೆ ಬಾ, ಸೀಸದ್ದು ಹಾಕುತ್ತೇನೆ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಎರಡು ತಿಂಗಳಿಂದ ಅದನ್ನೇ ನೆನೆಸಿಕೊಳ್ಳಲು ನೋಡುತ್ತಿದ್ದೇನೆ. ಹೇಳಿರಬೇಕು ಎಂದು ಬೆಳಿಗ್ಗೆ ಅನ್ನಿಸುತ್ತದೆ, ಸಂಜೆಗೆ ಅನ್ನಿಸುವುದಿಲ್ಲ.

ಊರಿಗೆಲ್ಲ ಸ್ಟೌ ಹಚ್ಚುವ ಶಾಸ್ತ್ರ ಹೇಳಿದವನ ಗತಿ ಇದು. ಅವ್ವನಿಗೆ ಓದಿ ಹೇಳು. ಸಿರುಗುಪ್ಪದವರ ತಪ್ಪು ಏನೂ ಇಲ್ಲ.

ನಿನ್ನ ಮಾವ
ಹಂಪಯ್ಯ


ಕುರುಗೋಡು
೨೨-೧-೧೯೫೨

ಮಾವ,

ಅವ್ವನಿಗೆ ಓದಿ ಹೇಳಿದೆ. ಒಂದು ಅಕ್ಷರ ಬಿಡಲಿಲ್ಲ. ಅವ್ವ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದಳು. ಆಗಲೇ ಹಾಕಿ ಆಗಿತ್ತು, ಮತ್ತೆ ಹಾಕಿದಳು.

ತೊಗಲು ಹಾಕಿದ್ದು ಕೈತಪ್ಪು. ನೀನು ಬೇಕೆಂದು ಮಾಡಿದವನಲ್ಲ, ಅದಕ್ಕೆ ನಾನು ನಿನ್ನನ್ನು ಅನ್ನುವುದಿಲ್ಲ. ನಿನ್ನ ಎಲ್ಲ ಕಾಗದ ತೆಗೆದು ತಾರೀಕು ನೋಡಿದೆ. ಸ್ಟೌ ಬಂದ ದಿನವೇ ಬಿಚ್ಚಿದೆ ಎಂದು ನೀನೇ ಬರೆದಿದ್ದೀ. ಮಾಘದಲ್ಲಿ ಸುಂಕಪ್ಪನ ಮದುವೆ ಮುಗಿಸೋಣ ಎಂದು ಬರೆದದ್ದು ಅದಾದ ಮೇಲೆ. ಆ ಕಾಗದ ಬರೆಯುವಾಗ ನಿನಗೆ ಎಲ್ಲ ಗೊತ್ತಿತ್ತು. ಆ ಮನೆಯವರನ್ನು ಕೊಲೆಗಡುಕರು ಎಂದು ಊರು ಅನ್ನುತ್ತಿರಲಿ, ಹುಡುಗಿ ನನ್ನ ಮನೆಗೆ ಬರಲಿ ಎಂದುಕೊಂಡೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆ ತೋರಿಸಿದ ಮಾವ ನೀನು. ಅದಕ್ಕೇ ಇಷ್ಟು ಉರಿಯುತ್ತದೆ.

ನಿನ್ನ ಮನೆಗೆ ನಾನು ಬರುವುದಿಲ್ಲ. ಸುಂಕಪ್ಪನ ಮೇಲೆ ಸಿಟ್ಟಿಲ್ಲ, ಅವನಿಗೆ ಹಾಗೆ ಹೇಳು. ಸಿರುಗುಪ್ಪದವರಿಗೆ ಕಾಗದ ಬರೆಯಲು ಅವ್ವನಿಗೆ ನಾಚಿಕೆ. ಬರೆದರೂ ಈಗ ಒಪ್ಪುವುದು ಬಿಡುವುದು ಅವರ ಕಡೆಗಿದೆ. ಆಗದಿದ್ದರೆ ಇಲ್ಲೇ ಇರುತ್ತೇನೆ.

ನೀನು ನಮಗೆ ಬರೆದೆ. ನಾವು ಯಾರು? ಹೆಚ್ಚೆಂದರೆ ಒಂದು ಸಂಬಂಧ ತಪ್ಪಿಸಿಕೊಂಡವರು. ತೆಕ್ಕಲಕೋಟೆಯಲ್ಲಿ ಒಬ್ಬ ತಾಯಿ ತನ್ನ ಮಗಳನ್ನು ಯಾರೋ ಎಣ್ಣೆ ಸುರಿದು ಸುಟ್ಟರು ಎಂದುಕೊಂಡು ನಾಲ್ಕು ತಿಂಗಳಿಂದ ಬದುಕುತ್ತಿದ್ದಾಳೆ. ಅದು ನಿನ್ನ ಬಾಯಿಂದ ಹೋದ ಮಾತು. ಆಕೆಗೆ ಕಾಗದ ಬರೆಯಬೇಡ, ಓದುವವರು ಯಾರೋ ಏನೋ. ಎದುರಿಗೆ ಕೂತು ಹೇಳು. ಹೇಳಿದ ಮೇಲೆ ನನಗೆ ಬರಿ. ಅಲ್ಲಿಯವರೆಗೆ ನಿನ್ನ ಕಾಗದ ಬಂದರೆ ನಾನು ಒಡೆಯುವುದಿಲ್ಲ.

ಹೊನ್ನೂರಮ್ಮ


ತೆಕ್ಕಲಕೋಟೆ
೫-೨-೧೯೫೨

ಹೊನ್ನೂರಿಗೆ,

ತೆಕ್ಕಲಕೋಟೆಯಿಂದ ಬರೆಯುತ್ತಿದ್ದೇನೆ, ಅದಕ್ಕೇ ಮೇಲೆ ಊರಿನ ಹೆಸರು ದೊಡ್ಡದಾಗಿ ಹಾಕಿದ್ದೇನೆ. ಒಡೆದು ಓದು.

ಹೋದ ವಾರ ಒಮ್ಮೆ ಬಂದು, ಬಸ್ಸಿನಿಂದ ಇಳಿಯದೆ ಸಿರುಗುಪ್ಪದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್ಸಾದೆ. ನಿನಗೆ ಸುಳ್ಳು ಹೇಳಲಾರೆ. ಇವತ್ತು ಇಳಿದೆ. ಜಡೆಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ಸ್ಟೌ ಕೊಳ್ಳುವವನು ಎಂದುಕೊಂಡಳು, ಕೈಯಲ್ಲಿ ಸ್ಟೌ ಇತ್ತಲ್ಲ. ನೆಲದ ಮೇಲಿಟ್ಟೆ. ತನ್ನದೇ ಎಂದು ಗುರುತು ಹಿಡಿದಳು. ಆಮೇಲೆ ಬುಡ ಬಿಚ್ಚಿ, ತೊಗಲಿನ ಚೂರು ತೋರಿಸಿ, ನಿನಗೆ ಬರೆದದ್ದನ್ನೆಲ್ಲ ಹೇಳಿದೆ. ಚಹದ ಅಂಗಡಿಯ ಮಾತನ್ನೂ ಹೇಳಿದೆ, ಎರಡು ತಿಂಗಳು ಬಾಯಿ ಮುಚ್ಚಿಕೊಂಡದ್ದನ್ನೂ ಹೇಳಿದೆ.

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮಾರು ಹೊತ್ತು ಶೇಂಗಾ ಸುಲಿದಳು. ನಾಳೆ ಸಿರುಗುಪ್ಪಕ್ಕೆ ಹೋಗಬೇಕು, ಆ ಹೊಸ್ತಿಲು ತೊಳೆದು ಬರಬೇಕು, ನೀನೂ ನಡಿ ಎಂದಳು. ಓಣಿಯವರೆಲ್ಲ ನೋಡುವ ಹೊತ್ತಿನಲ್ಲೇ ಹೋಗೋಣ ಎಂದಳು. ಹೂಂ ಎಂದೆ. ಮಲಗಲು ಗುಡಿಯ ಕಟ್ಟೆಗೆ ಹೋಗುತ್ತೇನೆ ಎಂದು ಎದ್ದೆ. ಆಗ ಕೇಳಿದಳು.

“ಉರಿಸಿ ನೋಡಾಕ ಎಷ್ಟೊತ್ತು ಹಿಡಿತಿತ್ತಪಾ?”

ಒಂದು ಗಡಿಗೆ ಅನ್ನ ಆಗುವಷ್ಟು ಹೊತ್ತು ಎಂದೆ. ಬಸ್ಸಿನ ಹೊತ್ತಾಗಿತ್ತು, ತಪ್ಪಿದರೆ ಸಿರುಗುಪ್ಪಕ್ಕೆ ಆ ದಿನ ಬೇರೆ ಇರಲಿಲ್ಲ, ಕಡೆಯ ಬಸ್ಸು ತೆಕ್ಕಲಕೋಟೆಯವರೆಗೆ ಮಾತ್ರ ಎಂದೂ ಹೇಳಿದೆ. ಯಾಕೆ ಹೇಳಿದೆನೋ, ನನ್ನ ತಪ್ಪು ಸ್ವಲ್ಪ ಹಗುರಾಗಲಿ ಎಂದಿರಬೇಕು.

“ತಪ್ಪಿದ್ರ ತಪ್ಪವಲ್ದ್ಯಾಕ,” ಎಂದಳು. “ಅವತ್ತು ಇಲ್ಲೇ ಇಳಿತಿದ್ಲು. ನನ್ನ ಮನಿಗೆ ಬರ್ತಿದ್ಲು.”

ಹಂಪಯ್ಯ